ತೊಟ್ಟಿಯ ಹಳೇ ನೀರು

ಅಥವಾ ಅದನ್ನು ನಾನು ಆಮೇಲೆ ನೋಡಿದ್ದಿರಬೇಕು. ತೊಟ್ಟಿಯ ಹಲಗೆ ಸರಿಸಿದಾಗ ನೀರಿನ ಮೇಲಿಂದ ಕೊಂಕಿಕೊಂಡು ಕೆಳಗಿಳಿದ ಆ ಸಣ್ಣ ಕಪ್ಪು ಗೆರೆಗಳನ್ನು ದೊಡ್ಡವ್ವನಿಗೆ ಜ್ವರ ಬರುವ ಮೊದಲೇ ನೋಡಿದ್ದೆ ಎಂದು ಎಷ್ಟೋ ವರ್ಷ ನಂಬಿದ್ದೆ. ನಡುವೆ ಕೆಲವು ವರ್ಷ, ಇಲ್ಲ, ಎಲ್ಲ ಮುಗಿದ ಮೇಲೆಯೇ ನೋಡಿದ್ದು ಎಂದೂ ನಂಬಿದ್ದೆ. ಎರಡರಲ್ಲೂ ಹಲಗೆ ಅದೇ, ಬೆಳಕೂ ಅದೇ, ಮೋಡ ಕವಿದ ಬೆಳಗಿನ ಮಬ್ಬು ಬೆಳಕು. ಒಳಗಿನ ಕೋಣೆಯಲ್ಲಿ ದೊಡ್ಡವ್ವ ಇದ್ದರೋ ಇಲ್ಲವೋ, ಅಷ್ಟೇ ಬದಲಾಗುತ್ತದೆ.

ಹೋದ ತಿಂಗಳು ಎರಡು ದಿನ ಜ್ವರ ಬಿಡಲಿಲ್ಲವೆಂದು ಹರಿಹರದಿಂದ ದಾವಣಗೆರೆಗೆ ಬಂದು ಡಾಕ್ಟರಿಗೆ ತೋರಿಸಿದೆ. ಅವರು ಪಿ.ಜೆ. ಬಡಾವಣೆಯ ಒಂದು ಲ್ಯಾಬಿಗೆ ಚೀಟಿ ಬರೆದುಕೊಟ್ಟರು. ಹೆಸರು ಬರೆಸಿ ಕುರ್ಚಿಯಲ್ಲಿ ಕೂತೆ. ಯಾರೋ ನೆಲ ಒರೆಸುತ್ತಿದ್ದರು, ಬ್ಲೀಚಿಂಗ್ ಪೌಡರಿನ ವಾಸನೆ ಬಂತು. ಕಿಟಕಿಯಾಚೆ ಪಕ್ಕದ ಮನೆಯ ಕಲ್ಲಿನ ಕಾಂಪೌಂಡು ಕಂಡಿತು, ಅದರ ಮೂಲೆಯ ಒಂದು ಕಲ್ಲು ಅಂದಿನಂತೆಯೇ ಹೊರಕ್ಕೆ ಚಾಚಿಕೊಂಡಿತ್ತು. ಆಗ ಗೊತ್ತಾಯಿತು, ನಾವು ಬಾಡಿಗೆಗಿದ್ದ ಮನೆಯನ್ನು ಕೆಡವಿ ಈ ಲ್ಯಾಬು ಕಟ್ಟಿದ್ದಾರೆ. ನಾನು ಕೂತಿದ್ದು ಹಿತ್ತಲಿದ್ದ ಜಾಗದಲ್ಲಿ. ತೊಟ್ಟಿ ನನ್ನ ಕಾಲಡಿಯಲ್ಲೇ ಇತ್ತೆಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಸ್ವಲ್ಪ ಆಚೆ, ರಕ್ತ ತೆಗೆಯುವ ಪರದೆಯ ಹತ್ತಿರ ಇದ್ದಿರಬೇಕು.

ದಾವಣಗೆರೆ ಜಿಲ್ಲೆಯಾದ ಮರುವರ್ಷ ಅದು. ಮನೆಯಲ್ಲಿ ಮೂರೇ ಜನ. ನಾನು ಹರಿಹರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ಇವರು, ನನ್ನ ಗಂಡ, ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಲ್ಲಿದ್ದರು. ಮೂರನೆಯವರು ದೊಡ್ಡವ್ವ, ಇವರ ತಾಯಿಯ ಅಕ್ಕ. ತಾಯಿ ಹೋದಾಗ ಇವರಿಗೆ ನಾಲ್ಕು ವರ್ಷ. ಲೋಕಿಕೆರೆಯಲ್ಲಿ ಎತ್ತಿ ಆಡಿಸಿ ದೊಡ್ಡವರನ್ನಾಗಿ ಮಾಡಿದ್ದು ದೊಡ್ಡವ್ವನೇ. ನಮ್ಮ ಮದುವೆಯಾದ ಮೇಲೆ ಒಂದು ಟ್ರಂಕು, ಲಿಂಗಪೂಜೆಯ ಸಾಮಾನು ಮತ್ತು ಒಂದು ತಾಮ್ರದ ತಂಬಿಗೆ ಹಿಡಿದುಕೊಂಡು ಬಂದರು. ಬಂದ ದಿನವೇ ಹಿತ್ತಲಿಗೆ ಹೋಗಿ ಸಿಮೆಂಟಿನ ತೊಟ್ಟಿ ಇಣುಕಿ ನೋಡಿ, "ಬಾವಿ ಇಲ್ವಾ? ಹಂಗಾರೆ ಇದೇ ನಮ್ಮ ಬಾವಿ," ಅಂದಿದ್ದರು.

ಆ ವರ್ಷದ ಸಂಕ್ರಾಂತಿ ಕಳೆದ ಮೇಲೆ ನಮ್ಮ ಶಾಲೆಯಿಂದ ನನ್ನನ್ನು ಒಂದು ತರಬೇತಿಗೆ ಕಳಿಸಿದರು. ಪರಿಸರದ ಬಗ್ಗೆ. ಬೇರೆ ಊರಿನಿಂದ ಬಂದಿದ್ದವರೊಬ್ಬರು ಎಲ್ಲರಿಗೂ ಜೆರಾಕ್ಸ್ ಮಾಡಿದ ಹಾಳೆಗಳನ್ನು ಹಂಚಿದರು. ಮೇಲೆ ದಪ್ಪ ಅಕ್ಷರದಲ್ಲಿ "ನಿಮ್ಮ ಮನೆಯ ಭಾರ" ಎಂದಿತ್ತು. ಒಂದು ಮನೆ ಭೂಮಿಯ ಮೇಲೆ ಎಷ್ಟು ಭಾರ ಹಾಕುತ್ತದೆ, ಅದನ್ನು ಮನೆಯವರೇ ಅಳೆಯಬೇಕು. ನೀರು, ಉರುವಲು, ಸೀಮೆಎಣ್ಣೆ, ಕರೆಂಟು, ಕಸ, ಪ್ಲಾಸ್ಟಿಕ್ಕು. ಬೇಸಿಗೆ ಮುಗಿಯುವವರೆಗೆ ಅಳೆಯುವುದು, ಮಳೆಗಾಲದಲ್ಲಿ ಇಳಿಸುವುದು, ಆಮೇಲೆ ಬಂದು ಎಲ್ಲರೆದುರು ಓದುವುದು. ಬಂದ ಟೀಚರುಗಳಲ್ಲಿ ಹೆಚ್ಚಿನವರು ಆ ಹಾಳೆಯಲ್ಲಿ ಮಂಡಕ್ಕಿ ಹಾಕಿಕೊಂಡು ತಿಂದರು. ನಾನು ಮಡಚಿ ಬ್ಯಾಗಿಗೆ ಹಾಕಿಕೊಂಡೆ. ಮದುವೆಯಾಗಿ ಮೂರು ವರ್ಷ, ಮಕ್ಕಳಾಗಿರಲಿಲ್ಲ, ಮನೆಯಲ್ಲಿ ನನ್ನದು ಎನ್ನಬಹುದಾದ ಕೆಲಸ ಯಾವುದೂ ಇರಲಿಲ್ಲ. ಕಾರಣ ಇದೇ ಎಂದು ಈಗ ಅನಿಸುತ್ತದೆ. ಆಗ ಭೂಮಿಗಾಗಿ ಎಂದೇ ಅಂದುಕೊಂಡಿದ್ದೆ.

ಇನ್ನೂರು ಪುಟದ ನೋಟುಪುಸ್ತಕ ತಂದು ಗೆರೆ ಹೊಡೆದು ಒಂದೊಂದಕ್ಕೂ ಒಂದೊಂದು ಕಲಮು ಮಾಡಿದೆ. ಶಾಲೆಯ ಲ್ಯಾಬಿನಿಂದ ಸ್ಪ್ರಿಂಗ್ ತಕ್ಕಡಿ ಕೇಳಿ ತಂದು ಹಿತ್ತಲ ಬಾಗಿಲ ಮೊಳೆಗೆ ನೇತುಹಾಕಿದೆ. ಸ್ನಾನದ ಹಂಡೆಗೆ ಭತ್ತದ ಹೊಟ್ಟಿನ ಒಲೆ ಇತ್ತು, ನಡುವೆ ಬಾಟಲಿ ನಿಲ್ಲಿಸಿ ಸುತ್ತ ಹೊಟ್ಟು ತುಂಬಿ ಒತ್ತಿ, ಬಾಟಲಿ ಎಳೆದು ಬೆಂಕಿ ಹಾಕುವುದು. ಹೊಟ್ಟು ತುಂಬುವ ಮೊದಲು ತೂಕ, ಬೂದಿ ತೆಗೆದ ಮೇಲೆ ತೂಕ. ಕಸಕ್ಕೂ ತೂಕ. ಪಕ್ಕದ ಮನೆಯವರು ಕಾಂಪೌಂಡಿಗೆ ಮೊಣಕೈ ಊರಿ ಇದನ್ನೆಲ್ಲ ನೋಡುತ್ತಿದ್ದರು.

"ಏನ್ರಿ ದೊಡ್ಡವ್ವ, ನಿಮ್ಮ ಸೊಸಿ ಕಸ ತೂಗ್ತಾಳಂತೆ. ಮಾರಾಕೇನು?"

"ತಗಂತೀಯೇನವ್ವ? ನಮ್ಮನೆ ಕಸಕ್ಕೂ ತೂಕ ಐತೆ. ನಿಮ್ಮನೇದು ಗಾಳಿಗೆ ಹಾರಿ ನಮ್ಮ ಬಾಗಿಲಿಗೇ ಬರ್ತೈತೆ."

ಹೊರಗೆ ಹೀಗೆ ನನ್ನ ಪರ ನಿಲ್ಲುತ್ತಿದ್ದರು. ಒಳಗೆ ಬಂದು ನನ್ನನ್ನೇ ಕೆಣಕುತ್ತಿದ್ದರು. "ಟೀಚರಮ್ಮ, ನಾನೊಂದು ಉಸಿರು ಬಿಟ್ಟೆ, ಬರಕಂಡ್ಯಾ?" ನಾನು ಬರೆದುಕೊಳ್ಳುವುದನ್ನು ನೋಡುತ್ತಾ ನೋಡುತ್ತಾ ಅವರೇ ಸಣ್ಣಸಣ್ಣ ಲೆಕ್ಕ ಒಪ್ಪಿಸತೊಡಗಿದರು. ಇವತ್ತು ಅಂಗಡಿಯಿಂದ ಮೂರು ಕವರು ಬಂದ್ವು. ದೀಪದ ಎಣ್ಣಿ ಒಂದು ಚಮಚ ಕಮ್ಮಿ ಹಾಕೀನಿ. ಓದು ಬರಹ ಬಾರದವರು, ನಾನು ಬರೆದದ್ದರ ಮೇಲೆ ಬೆರಳಿಟ್ಟು, "ಇದು ನಂದಾ?" ಎಂದು ಕೇಳುತ್ತಿದ್ದರು.

ಒಂದೇ ಒಂದು ಕಲಮು ಕೂಡುತ್ತಿರಲಿಲ್ಲ. ನೀರು. ತೊಟ್ಟಿಗೆ ಇಪ್ಪತ್ತೆಂಟು ಕೊಡ ಹಿಡಿಯುತ್ತಿತ್ತು. ನಲ್ಲಿ ದಿನ ಬಿಟ್ಟು ದಿನ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಬರುತ್ತಿತ್ತು, ನಾನೂ ಇವರೂ ಇಲ್ಲದ ಹೊತ್ತು. ಎಷ್ಟು ಸಲ ಲೆಕ್ಕ ಹಾಕಿದರೂ ನಾವು ಮೂವರು ಎರಡು ದಿನಕ್ಕೆ ಬಳಸುವುದು ಹದಿನಾರು ಕೊಡ. ಆದರೆ ದೊಡ್ಡವ್ವ ಎಣಿಸಿ ಹೇಳುವಂತೆ ಪ್ರತಿ ಸಲವೂ ತೊಟ್ಟಿಗೆ ಹಿಡಿಯುತ್ತಿದ್ದುದು ಇಪ್ಪತ್ತೆಂಟೇ. ತೊಟ್ಟಿ ಸೋರುತ್ತಿದೆಯೆಂದು ಇವರು ಸಿಮೆಂಟು ತಂದು ಮೂಲೆ ಮೆತ್ತಿದರು. ಆದರೂ ಹನ್ನೆರಡು ಕೊಡ ಕಾಣೆ.

ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬೇಗ ಬಂದೆ. ಬಿರುಬಿಸಿಲು. ನಮ್ಮ ಬೀದಿ ಮಾತ್ರ ಒದ್ದೆಯಾಗಿತ್ತು, ಚರಂಡಿ ತುಂಬಿ ಹರಿಯುತ್ತಿತ್ತು. ಅವತ್ತು ನಲ್ಲಿ ತಡವಾಗಿತ್ತೇನೋ, ಪ್ರತಿ ಮನೆಯ ಬಾಗಿಲಲ್ಲೂ ಒಬ್ಬೊಬ್ಬರು ಕೊಡ ಬೋರಲು ಹಾಕುತ್ತಿದ್ದರು. ನಮ್ಮ ಬಾಗಿಲಲ್ಲಿ ದೊಡ್ಡವ್ವ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಪ್ಲಾಸ್ಟಿಕ್ ಕೊಡವನ್ನು ಮೊಣಕಾಲ ಮೇಲೆ ಓರೆ ಮಾಡಿದ್ದರು.

"ಏನು ಮಾಡ್ತಿದೀರಿ ದೊಡ್ಡವ್ವ?"

"ಹೊಸ ನೀರು ಬರೋ ಹೊತ್ತಾತು. ಹಳೇದು ಚೆಲ್ತಾ ಇದೀನಿ."

"ಮೊನ್ನೆ ಹಿಡಿದ ನೀರು ಇದು."

"ಅದಕ್ಕೇ ಚೆಲ್ಲಾದು. ಮೊನ್ನೆ ಮಾಡಿದ ಅನ್ನ ಇವತ್ತು ಉಣ್ತೀಯೇನು?"

"ನೀರು ಹಳಸಲ್ಲ ದೊಡ್ಡವ್ವ."

"ನಿನ್ನ ಬುಕ್ಕಿನಾಗೆ ಹಳಸಲ್ಲ. ತೊಟ್ಟಿಯಾಗೆ ಹಳಸ್ತೈತೆ. ನೀರಿಗೆ ಆಯಸ್ಸು ಎರಡು ದಿನ."

ಹನ್ನೆರಡು ಕೊಡ ಸಿಕ್ಕಿತು. ಅವತ್ತು ಸಂಜೆ ಇವರೆದುರಿಗೆ ಪುಸ್ತಕ ಬಿಚ್ಚಿ ತೋರಿಸಿದೆ. ಬೀದಿಯ ಮನೆಗಳನ್ನು ಎಣಿಸಿ, ಪ್ರತಿ ಮನೆಯೂ ಹೀಗೇ ಚೆಲ್ಲಿದರೆ ಎಂದು ಗುಣಿಸಿ ತೋರಿಸಿದೆ. ಇವರು ನಕ್ಕರು. "ನಾನು ಹುಟ್ಟಿದಾಗಿಂದ ದೊಡ್ಡವ್ವ ಚೆಲ್ತಾನೇ ಐತೆ. ಲೋಕಿಕೆರೆಯಾಗೆ ಬೆಳಿಗ್ಗೆ ಹಂಡೆ ಬೋರಲು ಹಾಕೋ ಸದ್ದಿಗೇ ನಾವು ಏಳ್ತಿದ್ವಿ."

ದೊಡ್ಡವ್ವ ಹದಿನೈದು ದಿನ ಬಗ್ಗಲಿಲ್ಲ. ನಾನು ಪಾಠದ ಧ್ವನಿಯಲ್ಲಿ ಹೇಳಿದ್ದು ಯಾವುದೂ ಅವರ ಕಿವಿಗೆ ಹೋಗಲಿಲ್ಲ. ಕೊನೆಗೆ ಬೇಸಿಗೆ ರಜೆಯಲ್ಲಿ ಹರಿಹರಕ್ಕೆ ಕರೆದುಕೊಂಡು ಹೋದೆ. ಗುಡಿಯಲ್ಲಿ ಕೈಮುಗಿಸಿ ಹೊಳೆಯ ದಂಡೆಗೆ ಇಳಿಸಿದೆ. ತುಂಗಭದ್ರೆ ಮರಳಿನ ನಡುವೆ ಎರಡು ಕವಲಾಗಿ ಹರಿಯುತ್ತಿತ್ತು, ಒಂದನ್ನು ಸೀರೆ ಎತ್ತಿ ದಾಟಬಹುದಿತ್ತು. ದಿನಾ ಬೆಳಿಗ್ಗೆ ನಾನು ಬಸ್ಸಿನಲ್ಲಿ ಹೊಳೆಯ ಕಡೆ ಬರುತ್ತೇನೆ, ಹೊಳೆ ಪೈಪಿನಲ್ಲಿ ನಮ್ಮ ಮನೆಯ ಕಡೆ ಹೋಗುತ್ತದೆ ಎಂದು ಹೇಳಿದೆ. ಅದೊಂದು ಮಾತು ಅವರಿಗೆ ತಟ್ಟಿತು, ಅಥವಾ ಮರಳು ನೋಡಿದ್ದೇ ತಟ್ಟಿತು. ಬಗ್ಗಿ ನೀರಿಗೆ ಕೈ ಅದ್ದಿ, "ಇಷ್ಟೇನಾ?" ಎಂದರು.

ಬಸ್ಸಿನಲ್ಲಿ ಒಪ್ಪಂದವಾಯಿತು. ಇನ್ನು ಮೇಲೆ ಚೆಲ್ಲುವುದಿಲ್ಲ, ಹಳೇ ನೀರಿನ ಮೇಲೆಯೇ ಹೊಸದು ಬಿಡುತ್ತಾರೆ. ಆದರೆ ಲಿಂಗಪೂಜೆಗೆ ತಾಮ್ರದ ತಂಬಿಗೆಯಲ್ಲಿ ನಲ್ಲಿಯ ಮೊದಲ ಧಾರೆ ಹಿಡಿಯುತ್ತಾರೆ, ಮರುಸಲ ಅದನ್ನು ಚೆಲ್ಲುತ್ತಾರೆ. "ಅದು ನನಗೂ ಶಿವನಿಗೂ ಇರೋದು. ನಿನ್ನ ಬುಕ್ಕಿನಾಗೆ ಬರೀಬ್ಯಾಡ." ನಾನು ಒಪ್ಪಿದೆ. ಬದಲಿಗೆ ನಾನು ಅವರನ್ನು ಉಕ್ಕಡಗಾತ್ರಿಗೆ ಕರೆದುಕೊಂಡು ಹೋಗಬೇಕು, ನನ್ನ ವರದಿ ಓದುವ ಕೆಲಸ ಮುಗಿದ ಮೇಲೆ, ಅಜ್ಜಯ್ಯನ ಗುಡಿಗೆ, ಮೂವರೂ ಒಟ್ಟಿಗೆ.

ಅವರು ಮಾತು ಉಳಿಸಿಕೊಂಡರು. ಬೀದಿಯವರೆಲ್ಲ ಕೊಡ ಬೋರಲು ಹಾಕುವ ಹೊತ್ತಿಗೆ ದೊಡ್ಡವ್ವ ಒಬ್ಬರೇ ಕಟ್ಟೆಯ ಮೇಲೆ ಕೈಕಟ್ಟಿ ಕೂತಿರುತ್ತಿದ್ದರಂತೆ. "ನಿಮ್ಮನ್ಯಾಗೆ ತಂಗಳು ನೀರೇನ್ರಿ?" ಎಂದು ಪಕ್ಕದ ಮನೆಯವರು ಕೇಳಿದ್ದಕ್ಕೆ, "ನಮ್ಮ ಸೊಸಿ ಸೈನ್ಸ್ ಟೀಚರು," ಎಂದರಂತೆ. ಆ ಉತ್ತರವನ್ನು ಇವರು ಎರಡು ದಿನ ಹೇಳಿಕೊಂಡು ನಕ್ಕರು. ಹದಿನಾರು ಕೊಡ ಬಳಕೆ, ಹದಿನಾರು ಕೊಡ ಭರ್ತಿ. ಕಲಮು ಕೂಡಿತು. ಆ ಪುಟದ ಕೆಳಗೆ ನೀಲಿ ಇಂಕಿನಲ್ಲಿ ಎರಡು ಗೆರೆ ಎಳೆದಿದ್ದೇನೆ.

ಆ ವರ್ಷದ ಮಳೆಗಾಲ ಹೇಗಿತ್ತೆಂದರೆ, ಮಳೆ ಬೀಳುತ್ತಿರಲಿಲ್ಲ, ಮೋಡ ಬಿಡುತ್ತಿರಲಿಲ್ಲ. ಬೆಳಿಗ್ಗೆ ಒಂದು ಸಣ್ಣ ಜಡಿ, ಆಮೇಲೆ ದಿನವಿಡೀ ಬೂದು ಆಕಾಶ, ಸಂಜೆ ಶೆಕೆ. ಬಟ್ಟೆ ಒಣಗುತ್ತಿರಲಿಲ್ಲ. ಹೊಟ್ಟು ಹಸಿಯಾಗಿ ಒಲೆ ಹೊಗೆ ಕಾರುತ್ತಿತ್ತು. ನಲ್ಲಿಯಲ್ಲಿ ಕೆಂಪು ನೀರು ಬರತೊಡಗಿತು. ಮಲೆನಾಡಿನಲ್ಲಿ ಸುರಿದ ಮಳೆ ಮಣ್ಣಾಗಿ ನಮ್ಮ ತೊಟ್ಟಿಗೆ ಬಂದು ತಳದಲ್ಲಿ ಕೂರುತ್ತಿತ್ತು.

ಈಗ ಆ ಬೆಳಗು. ಅದನ್ನು ಎರಡು ಸಲ ಬರೆಯಬೇಕು.

ಮೊದಲನೆಯದು. ನಾನು ಬಸ್ಸಿನ ಅವಸರದಲ್ಲಿದ್ದೇನೆ. ಬಕೆಟ್ಟಿಗೆ ನೀರು ತೆಗೆಯಲು ಹಲಗೆ ಸರಿಸುತ್ತೇನೆ. ದೊಡ್ಡವ್ವ ಹಿತ್ತಲ ಬಾಗಿಲಲ್ಲಿ ಹಲ್ಲುಪುಡಿ ಹಾಕಿಕೊಳ್ಳುತ್ತಾ, "ಟೀಚರಮ್ಮ, ನೀರು ಆಡ್ತೈತೆ ನೋಡು," ಎನ್ನುತ್ತಾರೆ. ನಾನು ನೋಡುತ್ತೇನೆ. ಕಪ್ಪು ಗೆರೆಗಳು ಕೊಂಕಿಕೊಂಡು ಇಳಿಯುತ್ತವೆ. ಸೊಳ್ಳೆ ಮರಿ ಎಂದು ನನಗೆ ಗೊತ್ತು, ಎಂಟನೇ ತರಗತಿಗೆ ನಾನೇ ಬೋರ್ಡಿನ ಮೇಲೆ ಅದರ ಚಿತ್ರ ಬಿಡಿಸಿದ್ದೇನೆ. ತೊಟ್ಟಿ ಪೂರ್ತಿ ಚೆಲ್ಲಬೇಕು. ಚೆಲ್ಲಿದರೆ ಕಲಮು ಕೆಡುತ್ತದೆ. ವರದಿ ಓದುವುದಕ್ಕೆ ಇನ್ನು ಸ್ವಲ್ಪ ದಿನ ಉಳಿದಿದೆ. ಅದಾದ ಮೇಲೆ ಚೆಲ್ಲೋಣ. "ಕೆಂಪು ನೀರಲ್ವಾ, ಮಣ್ಣು ಕೂರಬೇಕು. ಪಟಕದ ಕಲ್ಲು ತಿರುವಿಬಿಡಿ," ಎನ್ನುತ್ತೇನೆ. ಹಲಗೆ ಮುಚ್ಚುತ್ತೇನೆ.

ಎರಡನೆಯದು. ನಾನು ಅಡಿಗೆಮನೆಯಲ್ಲಿದ್ದೇನೆ, ಡಬ್ಬಿ ಕಟ್ಟುತ್ತಿದ್ದೇನೆ. ದೊಡ್ಡವ್ವ ಹಿತ್ತಲಿಂದ ಕೂಗಿ ಹೇಳುತ್ತಾರೆ, "ನೀರು ಆಡ್ತೈತೆ ನೋಡು." ನಾನು ಕೂತಲ್ಲಿಂದಲೇ ಪಟಕದ ಮಾತು ಹೇಳುತ್ತೇನೆ. ಹಲಗೆ ಮುಚ್ಚುವ ಸದ್ದು ಕೇಳುತ್ತದೆ. ಮುಚ್ಚಿದ್ದು ಅವರು.

"ನೀರು ಆಡ್ತೈತೆ" ಎಂಬ ಮಾತು ಮಾತ್ರ ಎರಡರಲ್ಲೂ ಇದೆ. ಅದು ನಿಜ. ಆದರೆ ಆ ಮಾತಿಗೆ ಅರ್ಥ ಏನೆಂದು ನಾನು ಕೇಳಲಿಲ್ಲ. ನಲ್ಲಿ ಬಿಟ್ಟಾಗ ಮಣ್ಣು ಎದ್ದು ಸುತ್ತುವುದಕ್ಕೂ ಅವರು ಆಡ್ತೈತೆ ಎನ್ನುತ್ತಿದ್ದರು. ಹುಳ ಕಂಡಿದ್ದರೆ ಹುಳ ಐತೆ ಎಂದೇ ಹೇಳುತ್ತಿರಲಿಲ್ಲವೇ? ಅಥವಾ ನನ್ನ ಲೆಕ್ಕ ಕೆಡಿಸಬಾರದೆಂದು, ಅರ್ಧ ಹೇಳಿ ನಾನೇ ಬಂದು ನೋಡಲಿ ಎಂದು ಬಿಟ್ಟರೇ?

ನಾನು ವರದಿ ಓದುವ ದಿನ ಅವರಿಗೆ ಮೈ ಬಿಸಿಯಾಗಿತ್ತು. ಹೋಗಬೇಕೋ ಬೇಡವೋ ಎಂದು ನಿಂತೆ. "ಹೋಗ್ಬಾ. ನಾನು ಕೈಕಟ್ಟಿ ಕೂತಿದ್ದು ಏನಕ್ಕೆ? ಓದಿ ಬಾ." ಓದಿದೆ. ಹಳೇ ನೀರು ಚೆಲ್ಲುವ ಪದ್ಧತಿಯನ್ನು ಮೂಢನಂಬಿಕೆ ಎಂದು ಹೆಸರಿಟ್ಟು ಓದಿದೆ. ಹೆಸರು ಹೇಳದೆ "ನಮ್ಮ ಮನೆಯ ಹಿರಿಯರೊಬ್ಬರು" ಎಂದೆ. ಚಪ್ಪಾಳೆ ಬಿತ್ತು. ಸಂಜೆ ಬಂದಾಗ ದೊಡ್ಡವ್ವ ಗೋಡೆಗೆ ಮುಖ ಮಾಡಿ ಮಲಗಿದ್ದರು. ಕಣ್ಣ ಹಿಂದೆ ನೋವು, ಮೂಳೆ ಮುರಿದಂತೆ ನೋವು.

"ಏನಂದ್ರು?"

"ಚಲೋ ಐತೆ ಅಂದ್ರು ದೊಡ್ಡವ್ವ."

"ಹಂಗಾರೆ ಅಮಾಸಿಗೆ ಉಕ್ಕಡಗಾತ್ರಿ."

ಮೂರನೆಯ ದಿನ ಡಾಕ್ಟರು ವೈರಲ್ ಜ್ವರ ಎಂದರು. ಐದನೆಯ ದಿನ ಜ್ವರ ಬಿಟ್ಟಿತು, ಗಂಜಿ ಕುಡಿದರು, ಇವರ ಜೊತೆ ಎರಡು ಮಾತಾಡಿದರು. ಆರನೆಯ ದಿನ ಒಸಡಿನಲ್ಲಿ ರಕ್ತ ಬಂತು. ಆಸ್ಪತ್ರೆಯಲ್ಲಿ ಒಬ್ಬರು, "ಡೆಂಗಿ ಇರಬಹುದು, ಖಾತ್ರಿ ಮಾಡ್ಕೊಳ್ಳೋಕೆ ರಕ್ತ ಹೊರಗೆ ಕಳಿಸ್ಬೇಕು," ಎಂದರು. ಕಳಿಸಿದರು. ಉತ್ತರ ಬರುವ ಮೊದಲೇ, ಒಂದು ಮಧ್ಯಾಹ್ನ, ಇವರು ಔಷಧಿ ತರಲು ಕೆಳಗಿಳಿದಿದ್ದಾಗ, ದೊಡ್ಡವ್ವ ಹೋದರು. ನಾನು ಪಕ್ಕದಲ್ಲಿದ್ದೆ. ಕೊನೆಗೆ ಏನಾದರೂ ಹೇಳಿದರೇ ಎಂದು ಲೋಕಿಕೆರೆಯಲ್ಲಿ ಎಲ್ಲರೂ ಕೇಳಿದರು. ನೀರು ಕೇಳಿದರು, ಕೊಟ್ಟೆ, ಗುಟುಕು ಒಳಗಿಳಿಯಲಿಲ್ಲ. ಅಷ್ಟೇ. ಲೋಕಿಕೆರೆಯ ಹೊಲದಲ್ಲಿ ಗುಣಿ ತೆಗೆದು, ವಿಭೂತಿ ಹಚ್ಚಿ, ಕೂರಿಸಿ ಮಣ್ಣು ಮಾಡಿದರು. ಹೊರಗೆ ಕಳಿಸಿದ ರಕ್ತದ ಉತ್ತರ ಬಂದಿತೋ ಇಲ್ಲವೋ, ಬಂದಿದ್ದರೂ ಯಾರೂ ಹೋಗಿ ತರಲಿಲ್ಲ.

ಊರಿಂದ ವಾಪಸು ಬಂದ ಮರುದಿನ ಆರೋಗ್ಯ ಇಲಾಖೆಯವರೊಬ್ಬರು ಟಾರ್ಚು ಹಿಡಿದು ಮನೆಮನೆಗೆ ಬಂದರು. ನಮ್ಮ ಹಲಗೆ ಸರಿಸಿ ಬೆಳಕು ಬಿಟ್ಟರು. "ನೋಡ್ರಿ ಮೇಡಂ, ಎಷ್ಟು ಮರಿ. ಇವು ಹಗಲು ಕಚ್ಚೋವು. ನೀರು ವಾರಗಟ್ಲೆ ಹಿಡಿದಿಟ್ರೆ ಹಿಂಗೇ ಆಗಾದು." ನಾನು ನೋಡಿದೆ. ಇದು ಖಂಡಿತ ನೋಡಿದ್ದು. ಪಕ್ಕದಲ್ಲಿ ಇವರೂ ನೋಡಿದರು. ಇಲಾಖೆಯವರು ಪಕ್ಕದ ಮನೆಗೂ ಹೋದರು, ಅಲ್ಲಿ ತಾರಸಿಯ ಮೇಲಿದ್ದ ಹಳೇ ಟೈರಿನಲ್ಲೂ ಅವೇ ಇದ್ದವು. ಆ ಬೀದಿಯಲ್ಲಿ ಇನ್ನೂ ಮೂರು ಮನೆಯವರಿಗೆ ಜ್ವರ ಬಂದಿತ್ತು, ಮೂರೂ ಮನೆಯವರು ತಪ್ಪದೆ ನೀರು ಚೆಲ್ಲುವವರು. ಹಾಗಾದರೆ ಕಚ್ಚಿದ ಸೊಳ್ಳೆ ನಮ್ಮ ತೊಟ್ಟಿಯದೋ ಅವರ ಟೈರಿನದೋ? ಈ ಪ್ರಶ್ನೆಯನ್ನು ಆಧಾರವಾಗಿ ಹಿಡಿದುಕೊಂಡು ಬಹಳ ವರ್ಷ ನಡೆದಿದ್ದೇನೆ. ಆದರೆ ನನ್ನನ್ನು ಕಾಡುವುದು ಸೊಳ್ಳೆ ಎಲ್ಲಿಯದು ಎಂಬುದಲ್ಲ. ನನಗೆ ಮೊದಲೇ ಗೊತ್ತಿತ್ತೇ ಎಂಬುದು.

ಬ್ಲೀಚಿಂಗ್ ಪೌಡರ್ ಸುರಿದು ತೊಟ್ಟಿ ತೊಳೆದದ್ದು ಇವರು. ಇಪ್ಪತ್ತೆಂಟು ಕೊಡವನ್ನೂ ಒಬ್ಬರೇ ಹೊತ್ತು ಬೀದಿಗೆ ಚೆಲ್ಲಿದರು. ಕೊನೆಯ ಕೊಡ ಬೋರಲು ಹಾಕಿ, ನನ್ನ ಕಡೆ ನೋಡದೆ, "ಆ ಬುಕ್ಕು ಎಲ್ಲೈತೆ?" ಎಂದರು.

"ಗೊತ್ತಿಲ್ಲ," ಎಂದೆ. ಪುಸ್ತಕ ನನ್ನ ಬ್ಯಾಗಿನಲ್ಲಿತ್ತು. ಇವರು ಮತ್ತೆ ಕೇಳಲಿಲ್ಲ. ಆ ದೀಪಾವಳಿಯ ಮೊದಲೇ ಮನೆ ಬಿಟ್ಟು ಹರಿಹರಕ್ಕೆ ಬಂದೆವು. ಉಕ್ಕಡಗಾತ್ರಿ ಇಲ್ಲಿಂದ ದೂರವಲ್ಲ. ಇವರು ಒಮ್ಮೊಮ್ಮೆ ಹೋಗಿಬರುತ್ತಾರೆ. ನನ್ನನ್ನು ಕರೆಯುವುದಿಲ್ಲ, ನಾನೂ ಬರುತ್ತೇನೆ ಎನ್ನುವುದಿಲ್ಲ.

ಲ್ಯಾಬಿನಲ್ಲಿ ರಕ್ತ ತೆಗೆದ ಹುಡುಗಿ ಹತ್ತಿ ಒತ್ತುತ್ತಾ ಕೇಳಿದಳು, "ಮನೇಲಿ ನೀರು ಹಿಡಿದಿಡ್ತೀರಾ ಆಂಟಿ?" ನಲ್ಲಿ ಬಂದ ದಿನ ಹಳೆಯದನ್ನೆಲ್ಲ ಚೆಲ್ಲಿಬಿಡುತ್ತೇನೆ ಎಂದೆ. "ಒಳ್ಳೇದು," ಎಂದಳು. ಎಷ್ಟು ಚೆಲ್ಲುತ್ತೇನೆಂದು ಅವಳು ಕೇಳಲಿಲ್ಲ. ಕೇಳಿದ್ದರೆ ಹೇಳಲು ಆಗುತ್ತಿರಲಿಲ್ಲ, ನಾನು ಅಳೆಯುವುದಿಲ್ಲ. ಚೆಲ್ಲುವಾಗ ಹೊಳೆಯ ಮರಳು ಕಣ್ಣ ಮುಂದೆ ಬರುತ್ತದೆ, ಆದರೂ ಚೆಲ್ಲುತ್ತೇನೆ.

ನನ್ನ ಜ್ವರ ಮರುದಿನ ಇಳಿಯಿತು. ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಮೂರನೆಯ ದಿನ ಟ್ರಂಕಿನ ತಳದಿಂದ ಪುಸ್ತಕ ತೆಗೆದೆ, ಇಷ್ಟು ವರ್ಷಗಳಲ್ಲಿ ಮೊದಲ ಸಲ. ಆ ಟ್ರಂಕು ದೊಡ್ಡವ್ವನದು. ಕಲಮುಗಳೆಲ್ಲ ನೀಲಿ ಇಂಕಿನಲ್ಲಿವೆ, ಪ್ರತಿ ಸಾಲಿಗೂ ತಾರೀಖು ಇದೆ. ಮಳೆಗಾಲದ ಒಂದು ಪುಟದ ಅಂಚಿನಲ್ಲಿ ಮಾತ್ರ ಪೆನ್ಸಿಲಿನಲ್ಲಿ, ನನ್ನದೇ ಅಕ್ಷರದಲ್ಲಿ, ಎರಡು ಪದ: "ತೊಟ್ಟಿ. ಹುಳ?" ಅದಕ್ಕೆ ತಾರೀಖು ಇಲ್ಲ. ಪುಟ ದೊಡ್ಡವ್ವನಿಗೆ ಜ್ವರ ಬರುವುದಕ್ಕೆ ಎರಡು ವಾರ ಮೊದಲಿನದು. ಆದರೆ ಅಂಚಿನ ಬರಹವನ್ನು ಯಾವಾಗ ಬೇಕಾದರೂ ಬರೆದಿರಬಹುದು. ಆರೋಗ್ಯ ಇಲಾಖೆಯವರು ಹೋದ ಮೇಲೆ, ಹಿಂದಿನ ಪುಟ ತಿರುವಿ, ಯಾವಾಗಿನಿಂದ ಇದ್ದಿರಬಹುದು ಎಂದು ಯೋಚಿಸುತ್ತಾ ಬರೆದಿದ್ದರೂ ಬರೆದಿರಬಹುದು. ಆ ಪ್ರಶ್ನಾರ್ಥಕ ಚಿಹ್ನೆ ಅದಕ್ಕೂ ಹೊಂದುತ್ತದೆ, ಇದಕ್ಕೂ ಹೊಂದುತ್ತದೆ.

ಇವರು ಹೊರಗೆ ಪೇಪರ್ ಓದುತ್ತಾ ಕೂತಿದ್ದರು. ಪುಸ್ತಕ ತೋರಿಸಿ ಕೇಳಬಹುದಿತ್ತು, ಇವರಿಗೆ ಏನು ನೆನಪಿದೆಯೋ. ಕೇಳಲಿಲ್ಲ. ಆ ಎರಡು ಪದಗಳನ್ನು ಎಂದು ಬರೆದೆನೆಂದು ನನಗೆ ಗೊತ್ತಿಲ್ಲ.